ರಾಗಿ ಮಷೀನಿನ ಪಾಳಿ

ಈ ಕಾಲದಲ್ಲೂ ಪಿಎಚ್‌ಪಿಯನ್ನು ಯಾರಾದರೂ ಕಲಿಯುತ್ತಾರಾ ಎಂದು ಆಫೀಸಿನಲ್ಲಿ ನನ್ನನ್ನು ಕಿಚಾಯಿಸುತ್ತಾರೆ. ವೆಬ್‌ಸೈಟ್ ಬರೆಯುವ ಹಳೇ ಭಾಷೆ ಅದು; ನನಗೆ ಚೆನ್ನಾಗಿ ಬರುವುದೂ ಅದೊಂದೇ. ಅದಕ್ಕೇ ಅಜ್ಜಂಪುರದ ರುದ್ರಮ್ಮನವರು ನನ್ನನ್ನು ಕರೆಸಿದ್ದರು.

ರಾಗಿ ಒಕ್ಕುವ ಮಷೀನನ್ನು ಬಾಡಿಗೆಗೆ ಬಿಡುವವರು ಅವರು. ಅದು ಯಾರ ಹೊಲಕ್ಕೆ ಯಾವಾಗ ಹೋಗಬೇಕೆಂಬ ಪಾಳಿಯನ್ನು, ತೀರಿಹೋದ ಅವರ ಯಜಮಾನರು ಪಿಎಚ್‌ಪಿಯಲ್ಲೇ ಮಾಡಿಟ್ಟಿದ್ದ ವೆಬ್‌ಸೈಟ್ ಹೇಳುತ್ತಿತ್ತು. ಮಷೀನು ಕೇಳಿದವರ ಹೆಸರನ್ನು ಅದಕ್ಕೆ ಸೇರಿಸುತ್ತಿದ್ದವನು ಅದರ ಡ್ರೈವರ್.

"ಇದಕ್ಕೆ ತಲೆ ಕೆಟ್ಟೈತೆ ಕಣ್ರೀ," ಎಂದರು. "ಹಿರೇನಲ್ಲೂರಿನ ಒಂದು ಮನೆಯೋರು ಮಷೀನು ಬೇಕು ಅಂತ ನಿನ್ನೆ ಹೇಳಿದ್ದು, ಇವತ್ತು ಎಲ್ಲರಿಗಿಂತ ಮುಂದೆ ಬಂದ್ಬಿಟ್ಟವ್ರೆ. ಮಿಕ್ಕೋರು ನನ್ನ ಬಿಡ್ತಾರಾ? ಸರಿ ಮಾಡಿ, ಆಗದಿದ್ರೆ ಹೊಸದು ಬರೀರಿ."

ಕೋಡಿನಲ್ಲಿ ಪಾಳಿ ಬದಲಿಸುತ್ತಿದ್ದ ಜಾಗ ಬೇಗನೆ ಸಿಕ್ಕಿತು. ಅಳಿಸಲು ಹೊರಟವನಿಗೆ ಅದರ ಮೇಲಿನ ಸಾಲು ಕಂಡಿತು. ಕಂಪ್ಯೂಟರಿಗಲ್ಲ, ಮುಂದೆ ಓದುವವರಿಗೆಂದು ಯಜಮಾನರು ಕನ್ನಡದಲ್ಲಿ ಬರೆದಿದ್ದ ಟಿಪ್ಪಣಿ. ಗಟ್ಟಿಯಾಗಿ ಓದಿದೆ: "ಸಾವಿನ ಮನೆ ಅಂತ ಡ್ರೈವರ್ ಗುರುತು ಹಾಕಿದ್ರೆ ಅವರದ್ದೇ ಮೊದಲ ಪಾಳಿ. ಆ ಮನೇಲಿ ಕೆಲಸಕ್ಕೆ ಒಂದು ಕೈ ಕಮ್ಮಿ ಆಗಿರ್ತದೆ."

ರುದ್ರಮ್ಮ ಡ್ರೈವರಿಗೆ ಫೋನ್ ಮಾಡಿ, "ಹಿರೇನಲ್ಲೂರಲ್ಲಿ ಯಾರಪ್ಪಾ ತೀರ್ಕೊಂಡಿದ್ದು?" ಎಂದು ಕೇಳಿದರು. ಉತ್ತರ ಕೇಳಿಸಿಕೊಂಡು, "ಮೊದಲು ಅಲ್ಲಿಗೇ ಹೋಗು" ಎಂದರು.

ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಓದಿ," ಎಂದರು. ಓದಿದೆ.

"ನಮ್ಮ ಯಜಮಾನ್ರು ಹಿಂಗೇ ಮಾತಾಡೋರು."

ಹೊರಡುವಾಗ ಒಂದು ಚೀಲ ರಾಗಿಹಿಟ್ಟು ಕಟ್ಟಿಕೊಟ್ಟರು. ವಾರಗಟ್ಟಲೆ ಕೂತು ಬರೆದುಕೊಟ್ಟ ಕೆಲಸಕ್ಕೂ ನನಗೆ ಅಂಥ ಉಪಚಾರ ಸಿಕ್ಕಿಲ್ಲ. ಇಲ್ಲಿ ನಾನು ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಓದಿ ಹೇಳಿದ್ದೆ, ಅಷ್ಟೇ.