ಕೊಡೆ ತಿಮ್ಮಣ್ಣನ ನಾಲ್ಕನೆಯ ಊರು

ಪಕ್ಕದ ಮನೆಯ ಸುಮಿತ್ರಮ್ಮ ಮೊನ್ನೆ ಬೇಲಿಯಾಚೆಯಿಂದ ಕೂಗಿದರು. "ಟೀಚರೇ, ಹಳೇ ಸೀಡಿ ಇದ್ರೆ ಕೊಡ್ರಿ. ಬಸಳೆ ಚಪ್ರಕ್ಕೆ ಕಟ್ಬೇಕು. ಬಿಸಿಲಿಗೆ ಹೊಳಿತಾ ತಿರುಗಿದ್ರೆ ಮಂಗ ಬರಲ್ವಂತೆ." ನಮ್ಮ ಸಾಗರದ ಮಂಗಗಳು ಪಟಾಕಿಗೇ ಜಗ್ಗದವು, ಸೀಡಿಗೆ ಹೆದರುತ್ತವೆಯೆ? ಆದರೂ ಕೇಳಿದ ಮೇಲೆ ಇಲ್ಲವೆನ್ನಲಾಗದೆ ಅಟ್ಟದಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿ ಧೂಳು ಕೊಡವಿದೆ. ಒಂದು ಕಾಲದಲ್ಲಿ ನಾನು ಕಂಪ್ಯೂಟರ್ ಕಲಿಸುವ ಟೀಚರಾಗಿದ್ದೆ. ಹಾಗಾಗಿ ಮಂಗಗಳನ್ನು ಹೆದರಿಸುವಷ್ಟು ಸಾಮಗ್ರಿ ನನ್ನಲ್ಲಿ ಧಾರಾಳವಾಗಿಯೇ ಇತ್ತು.

ಪೆಟ್ಟಿಗೆಯ ತಳದಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಒಂದು ಸೀಡಿ ಸಿಕ್ಕಿತು. ಮುಖಪುಟದಲ್ಲಿ ಉದ್ದ ಕೋಟು ತೊಟ್ಟ ಸಣಕಲು ಮನುಷ್ಯ, ಕಂಕುಳಲ್ಲಿ ಕಪ್ಪು ಕೊಡೆ. ಉಳಿದವನ್ನೆಲ್ಲ ಸುಮಿತ್ರಮ್ಮನಿಗೆ ಕೊಟ್ಟು, ಅದೊಂದನ್ನು ಹಿಡಿದುಕೊಂಡು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತೆ. ಒಲೆಯ ಮೇಲಿದ್ದ ಹಾಲು ಉಕ್ಕಿದ್ದು ತಿಳಿಯಲಿಲ್ಲ.

ಈ ಮನುಷ್ಯನ ವಿಷಯ ನಿಮಗೆ ಹೇಳಬೇಕು. ಅವನೊಂದು ಕಂಪ್ಯೂಟರ್ ಆಟದ ನಾಯಕ. ಈಗಿನ ಆಟಗಳಂತೆ ಅದರಲ್ಲಿ ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ, ಸಾಯುವುದೂ ಇಲ್ಲ. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ: ಒಂದು ಬೀದಿಯೋ, ಬಂದರೋ, ಯಾರದೋ ಅಡುಗೆಮನೆಯೋ. ಎಲ್ಲಿ ಒತ್ತುತ್ತೇವೋ ಅಲ್ಲಿಗೆ ಅವನು ನಿಧಾನವಾಗಿ ನಡೆದುಹೋಗುತ್ತಾನೆ. ಬಾಗಿಲು ಒತ್ತಿದರೆ ಬಾಗಿಲು ತಟ್ಟುತ್ತಾನೆ, ಹಗ್ಗ ಒತ್ತಿದರೆ ಹಗ್ಗ ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ನನ್ನ ಸೋದರತ್ತೆಯೊಬ್ಬರು ಯಾವ ಸಾಮಾನನ್ನೂ ಎಸೆಯುತ್ತಿರಲಿಲ್ಲ, "ಎಂತಕ್ಕಾರೂ ಬತ್ತು" ಎನ್ನುತ್ತಿದ್ದರು. ಈ ಆಟಗಳ ತತ್ತ್ವವೂ ಅದೇ. ಒಣಮೀನು, ಮುರಿದ ಚಮಚ, ಬತ್ತಿ ಮುಗಿದ ಮೇಣದಬತ್ತಿ ಎಲ್ಲವೂ ಎಂದಾದರೊಂದು ದಿನ ಉಪಯೋಗಕ್ಕೆ ಬರುತ್ತವೆ. ನಮ್ಮವನ ಕಸುಬು ಊರೂರು ತಿರುಗಿ ಕೊಡೆ ರಿಪೇರಿ ಮಾಡುವುದು. ಕಾಣೆಯಾದ ಅಣ್ಣನನ್ನು ಹುಡುಕುತ್ತ ನಾಲ್ಕು ಭಾಗಗಳಲ್ಲಿ ನಾಲ್ಕು ಊರು ಸುತ್ತುತ್ತಾನೆ. ಅವನಿಗೊಂದು ಇಂಗ್ಲಿಷ್ ಹೆಸರಿತ್ತು. ಅದು ನಮ್ಮ ನಾಲಗೆಗೆ ಹೊರಳದೆ ನಾಗವೇಣಿ ಅವನನ್ನು ಕೊಡೆ ತಿಮ್ಮಣ್ಣ ಮಾಡಿದಳು.

ನಾಗವೇಣಿ ಕೋಣಂದೂರಿನವಳು. ಹೊಸನಗರದಲ್ಲಿ ನಾನಿದ್ದ ಹೈಸ್ಕೂಲಿನಲ್ಲೇ ಚಿತ್ರಕಲೆಯ ಟೀಚರ್. ಒಂದೇ ಮನೆಯ ಮಾಳಿಗೆಯಲ್ಲಿ ಇಬ್ಬರೂ ಅಕ್ಕಪಕ್ಕದ ಕೋಣೆಗಳಲ್ಲಿದ್ದೆವು, ಅಡುಗೆ ಒಟ್ಟಿಗೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಊಟ ಮುಗಿಸಿ, ನನ್ನ ಕೋಣೆಯ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಮೌಸ್ ಅವಳ ಕೈಯಲ್ಲಿ, ಬುದ್ಧಿ ನನ್ನದು ಎಂದು ನಾನು ತಿಳಿದಿದ್ದೆ. ನಾನು "ಆ ಬೀಗದ ಕೈ ತಗೋ, ಆ ಬೀಗದ ಕೈ" ಎಂದು ಒದ್ದಾಡುತ್ತಿದ್ದರೆ ಅವಳು ಗೋಡೆಯನ್ನು ನೋಡುತ್ತ ಕೂತಿರುತ್ತಿದ್ದಳು. "ತಡಿ ಮಾರಾಯ್ತಿ. ಈ ಗೋಡೆಗೆ ಹಾವಸೆ ಹೆಂಗ್ ಬರ್ದಿದಾನೆ ನೋಡು. ಇದನ್ನ ಬರ್ದವ ಮಳೆ ಕಂಡವ್ನೇ ಸೈ." ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಆಟವನ್ನು ಸೇವ್ ಮಾಡಿರುತ್ತಿರಲಿಲ್ಲ. ತಿಮ್ಮಣ್ಣ ಮತ್ತೆ ಹಿಂದಿನ ಬೀದಿಯಿಂದ ಹೊರಡಬೇಕಾಗುತ್ತಿತ್ತು.

ಒಂದೊಂದು ಭಾಗಕ್ಕೂ ವರ್ಷವೇ ಹಿಡಿಯಿತೆಂದರೆ ನೀವು ನಗಬಹುದು. ನಮಗೆ ಅವಸರವಿರಲಿಲ್ಲ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ವಾರವಿಡೀ ಅದೇ ಮಾತು. ನಾನು ಪಾಠ ಮಾಡುತ್ತಿರುವಾಗ ಅವಳು ಬಾಗಿಲಲ್ಲಿ ಇಣುಕಿ, "ಮೀನನ್ನ ಬೆಕ್ಕಿಗಲ್ಲ ಕಣೇ, ಗಡಿಯಾರದೊಳಗೆ ಇಡ್ಬೇಕು" ಎಂದು ಹೇಳಿ ಹೋದದ್ದಿದೆ. ಮಕ್ಕಳಿಗೆ ಈ ಇಬ್ಬರು ಟೀಚರುಗಳ ಬಗ್ಗೆ ಏನನಿಸಿತೋ ಕಾಣೆ. ಮೀನನ್ನು ಗಡಿಯಾರದೊಳಗೆ ಇಟ್ಟದ್ದು ಮಾತ್ರ ಸರಿಯಾಗಿತ್ತು.

ಮೂರನೆಯ ಭಾಗ ಆಡುವಾಗ ಅವಳು ಮೇಲಿಂದ ಮೇಲೆ ಒಂದು ಮಾತು ಕೇಳತೊಡಗಿದಳು. "ಬಾಣ ಎಲ್ಲಿ ಹೋಯ್ತೇ?" ಮೌಸಿನ ಬಾಣ ಪರದೆಯ ಮೂಲೆಯಲ್ಲೇ ಇರುತ್ತಿತ್ತು. ಮೂಲೆಯಲ್ಲಿ ಬಿದ್ದಿದ್ದ ಏಣಿ ಅವಳಿಗೆ ಕಾಣಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮುದುಕಿ ಕಾಣಲಿಲ್ಲ. ನಡುವಿನಲ್ಲಿದ್ದ ನೊಣದ ರೆಕ್ಕೆಯನ್ನು ಮಾತ್ರ ವರ್ಣಿಸುತ್ತಿದ್ದಳು. ಆಮೇಲೆ ಗಮನಿಸಿದರೆ, ತರಗತಿಯಲ್ಲಿ ನಡೆಯುವಾಗಲೂ ಅವಳ ಮೊಣಕಾಲು ಬೆಂಚಿಗೆ ತಾಗುತ್ತಿತ್ತು. ಮುಸ್ಸಂಜೆಯಲ್ಲಿ ಮೆಟ್ಟಿಲಿಳಿಯಲು ನನ್ನ ತೋಳು ಹಿಡಿಯುತ್ತಿದ್ದಳು.

ನಾನೇ ಒತ್ತಾಯ ಮಾಡಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ನೋಟ ಅಂಚಿನಿಂದ ಒಳಕ್ಕೆ ಸವೆದುಬರುತ್ತಿದೆ, ನಿಧಾನವಾಗಿ ನಡುವೂ ಹೋಗುತ್ತದೆ, ಇದಕ್ಕೆ ಔಷಧಿ ಇಲ್ಲ ಎಂದು ಮೆಲ್ಲಗೆ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅಳಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದವಳು ತಿರುಗಿ, "ಹಂಗಾದ್ರೆ ನಾಲ್ಕನೇ ಭಾಗ ಬೇಗ ತರ್ಸು" ಎಂದಳು.

ತರಿಸಿದೆ. ಆದರೆ ಸೀಡಿ ಬಂದ ದಿನ ಅವಳು ಅದನ್ನು ಕೈಯಲ್ಲಿ ಹಿಡಿದು ನೋಡಿ, "ಈಗ ಬೇಡ" ಎಂದು ನನಗೇ ಕೊಟ್ಟಳು. ಮುಂದಿನ ಶನಿವಾರವೂ ಬೇಡವಾಯಿತು. ಆ ವರ್ಷದ ಪರೀಕ್ಷೆ ಮುಗಿಯುತ್ತಲೇ ಕೆಲಸ ಬಿಟ್ಟು ತೀರ್ಥಹಳ್ಳಿಗೆ, ಅಣ್ಣನ ಮನೆಗೆ ಹೊರಟಳು. ಮೊದಮೊದಲು ಫೋನಿನಲ್ಲಿ ಮಾತಾಡುತ್ತಿದ್ದೆವು. ಆಮೇಲೆ ಅವಳ ಅತ್ತಿಗೆ ಎತ್ತುತ್ತಿದ್ದರು. "ಅವ್ಳು ಯಾರತ್ರನೂ ಮಾತಾಡಲ್ಲ ಅಂತಾಳೆ ಮಾರಾಯ್ರೆ. ನೀವು ಬೇಜಾರ್ ಮಾಡ್ಕಬೇಡಿ." ಬೇಜಾರು ಮಾಡಿಕೊಂಡೆ. ನನಗೆ ಸಾಗರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ಇಲ್ಲಿಗೆ ಬಂದೆ. ಮದುವೆಯ ಮಾತು ಬಂದು, ಹೋಗಿ, ಕೊನೆಗೆ ಬರುವುದನ್ನೇ ಬಿಟ್ಟಿತು. ಹಗಲೆಲ್ಲ ಮಕ್ಕಳ ಮುಂದೆ ಗಂಟಲು ಹರಿಯುವಂತೆ ಮಾತಾಡುವವಳು ನಾನು. ಸಂಜೆ ಮನೆಯ ಬಾಗಿಲು ತೆರೆದ ಮೇಲೆ ಬೆಳಗಿನವರೆಗೆ ದನಿಯ ಅಗತ್ಯವೇ ಬೀಳುವುದಿಲ್ಲ. ಎಷ್ಟೋ ಸಲ ಹಾಲಿನವನಿಗೆ "ಅರ್ಧ ಲೀಟರ್ ಸಾಕು" ಎನ್ನುವಾಗ ನನ್ನ ದನಿ ನನಗೇ ಬೇರೆಯವರದೆನಿಸಿ, ಕೆಮ್ಮಿ ಸರಿಮಾಡಿಕೊಂಡದ್ದುಂಟು.

ಮೊನ್ನೆ ಆ ಸೀಡಿ ಸಿಕ್ಕಿತಲ್ಲ, ಅದನ್ನು ಹಾಕಲು ನನ್ನ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ. ಅಂತರ್ಜಾಲದಲ್ಲಿ ಹುಡುಕಿದೆ. ನಾಲ್ಕೂ ಭಾಗಗಳನ್ನು ಯಾರೋ ಹೊಸದಾಗಿ ಹೊರತಂದಿದ್ದಾರೆ. ಚಿತ್ರಗಳಿಗೆ ಹೊಸ ಬಣ್ಣ ಹಚ್ಚಿದ್ದಾರೆ. ಒಂದು ಗುಂಡಿ ಒತ್ತಿದರೆ ಹಳೆಯ ಚಿತ್ರವೂ ಬರುತ್ತದೆ. ದಸರೆಯ ರಜೆ. ಕೊಂಡು, ಮೊದಲನೆಯ ಭಾಗದಿಂದಲೇ ಆಡಲು ಕೂತೆ.

ಏನಾಯಿತು ಗೊತ್ತೆ? ಎಲ್ಲವೂ ನೆನಪಿತ್ತು. ಎರಡು ಕುರ್ಚಿಯ ಮೇಲೆ ಕೂತು ವರ್ಷಗಟ್ಟಲೆ ಬಿಡಿಸಿದ ಒಗಟುಗಳು ಒಂದೊಂದೇ ಹಗಲಿನಲ್ಲಿ ಮುಗಿದುಹೋದವು. ಮರೆತ ಕಡೆಯೂ ತೊಂದರೆಯಿಲ್ಲ, ಪ್ರತಿಯೊಂದು ಒಗಟಿನ ಉತ್ತರವನ್ನೂ ಪುಣ್ಯಾತ್ಮರು ಅಂತರ್ಜಾಲದಲ್ಲಿ ಬರೆದಿಟ್ಟಿದ್ದಾರೆ. ಮೀನನ್ನು ಗಡಿಯಾರದೊಳಗೆ ಇಟ್ಟೆ, ಮುಳ್ಳು ತಿರುಗಿತು. ಬಾಗಿಲ ಕಡೆ ನೋಡಿದೆ. ಯಾರೂ ಇಣುಕಲಿಲ್ಲ. ಇಷ್ಟು ಬೇಗ ಇಷ್ಟೊಂದು ಊರು ದಾಟಿ ತಿಮ್ಮಣ್ಣನೂ ದಣಿದಂತೆ ಕಂಡ. ತಪ್ಪು ಕಡೆ ಒತ್ತಿದಾಗಲೆಲ್ಲ ಅವನು ಹೆಗಲು ಕುಗ್ಗಿಸಿ, "ಅದು ನನ್ನಿಂದಾಗದು" ಎಂದು ಇಂಗ್ಲಿಷಿನಲ್ಲಿ ಹೇಳುತ್ತಾನೆ. ಹಿಂದೆಲ್ಲ ಅದಕ್ಕೆ ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಈಗ ನನ್ನ ಮನೆಯಲ್ಲಿ ಬೆಳಗಿನಿಂದ ಕೇಳಿಸಿದ ಮನುಷ್ಯರ ದನಿ ಅದೊಂದೇ ಎಂದು ಹೊಳೆದು ನಗು ಬರಲಿಲ್ಲ.

ಮೂರು ಭಾಗ ಮುಗಿಯಿತು. ನಾಲ್ಕನೆಯದನ್ನು ಶುರುಮಾಡಿದೆ. ಒಂದು ಬಂದರು, ದಾಟಲೇಬೇಕಾದ ಎತ್ತರದ ಗೋಡೆ. ಎಲ್ಲಿ ಒತ್ತಿದರೂ "ಅದು ನನ್ನಿಂದಾಗದು." ಉತ್ತರ ಹುಡುಕಲು ಕೈ ಹೋಯಿತು. ತಡೆದು, ಫೋನು ತೆಗೆದುಕೊಂಡು ಹಳೆಯ ನಂಬರನ್ನು ಒತ್ತಿದೆ. ಅತ್ತಿಗೆ ಎತ್ತುತ್ತಾರೆಂದುಕೊಂಡಿದ್ದೆ.

"ಯಾರು?" ಎಂದಳು ಅವಳೇ.

ಹೆಸರು ಹೇಳಿ, "ತಿಮ್ಮಣ್ಣನ ನಾಲ್ಕನೇ ಭಾಗ ತೆಗ್ದೆ ಕಣೇ" ಎಂದೆ. ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಆಮೇಲೆ ಕೇಳಿದಳು:

"ಎಲ್ಲಿ ಸಿಕ್ಕಾಕಂಡಿದೀಯ?"

"ಶುರುನಲ್ಲೇ."

"ಹಂಗಾದ್ರೆ ಬಾ," ಎಂದಳು.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಆನಂದಪುರ, ರಿಪ್ಪನ್‌ಪೇಟೆ ದಾಟಿ ಕೋಣಂದೂರು ಬಂದಾಗ ಇಳಿದು ವಾಪಸು ಹೋಗಿಬಿಡೋಣವೆನಿಸಿತು. ಅವಳನ್ನು ನೋಡಲು ಹೆದರಿಕೆಯಲ್ಲ. ಅವಳು ನನ್ನನ್ನು ನೋಡುವುದಿಲ್ಲವಲ್ಲ, ನಾನೆಷ್ಟು ಮುದುಕಿಯಾಗಿದ್ದೇನೆಂದು ಅವಳಿಗೆ ಹೇಗೆ ತಿಳಿಸುವುದು ಎಂಬ ಹುಚ್ಚು ಯೋಚನೆ.

ತೀರ್ಥಹಳ್ಳಿಯಲ್ಲಿ ಅಣ್ಣನ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವಳ ಬಿಡಾರ. ಬಾಗಿಲಲ್ಲೇ ನಿಂತಿದ್ದಳು. ಕೂದಲು ನೆರೆತಿತ್ತು. ಎರಡು ಕೈಯಿಂದ ನನ್ನ ಮುಖ ಮುಟ್ಟಿ, "ಕನ್ನಡಕ ಬಂದಿದೆ. ದಪ್ಪ ಆಗಿದೀಯ" ಎಂದಳು. ನನ್ನ ಸಮಸ್ಯೆ ಅಷ್ಟಕ್ಕೇ ಬಗೆಹರಿಯಿತು. ಒಂದು ಹನಿಯೂ ಚೆಲ್ಲದೆ ಕಾಫಿ ತಂದುಕೊಟ್ಟು, ತನ್ನ ಕುರ್ಚಿಯನ್ನು ನನ್ನ ಕುರ್ಚಿಗೆ ತಾಗಿಸಿ ಕೂತಳು. ಚಿತ್ರಗಳಿಗೆ ಹೊಸ ಬಣ್ಣ ಹಚ್ಚಿರುವುದನ್ನು ಹೇಳಿದೆ. "ಮೌಸ್ ನೀನೇ ಹಿಡ್ಕ. ಎಂತ ಕಾಣ್ತದೆ, ಹೇಳು. ಹಳೇ ಚಿತ್ರನೇ ಹಾಕು."

"ಒಂದು ಬಂದರು. ಒಂದು ದೋಣಿ. ಎಡಗಡೆ ಎತ್ತರದ ಗೋಡೆ ಇದೆ. ಅದ್ರಲ್ಲಿ ಮುಚ್ಚಿದ ಬಾಗ್ಲು."

"ಎಂತ ಇದು, ರೇಷನ್ ಅಂಗ್ಡಿ ಸಾಮಾನು ಓದ್ದಂಗೆ? ನೀರು ಯಾವ ಬಣ್ಣ?"

"ನೀಲಿ."

"ನೀಲಿ ಅಂದ್ರೆ ಯಾವ ನೀಲಿ ಮಾರಾಯ್ತಿ? ನೀಲಿ ಒಂದೇ ಇರ್ತದಾ?"

ನಾನು ಪರದೆಯ ಕಡೆಗೆ ಬಾಗಿದೆ. ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನಾನು ಆ ನೀರನ್ನು ನೋಡಿರಲೇ ಇಲ್ಲ. "ಶಾಯಿ ಬಾಟ್ಲಿ ತೊಳೆದಾಗ ಕೊನೆಗೆ ಬರೋ ನೀರಿನ ಬಣ್ಣ," ಎಂದೆ ಅಂಜುತ್ತ.

"ಹಾಂ. ಈಗ ಕಂಡ್ತು. ಮುಂದೆ ಹೇಳು."

ಹೇಳುತ್ತ ಹೋದೆ. ಗೋಡೆಯ ಬಿರುಕು, ದೋಣಿಯ ಅಂಚಿನಲ್ಲಿ ಒಣಗಲು ಹಾಕಿದ ಅಂಗಿ, ಅಂಗಿಗೆ ಇಲ್ಲದ ಗುಂಡಿ. ಕೊನೆಗೆ, ಹೇಳಲು ಬೇರೇನೂ ಉಳಿಯದೆ, ಬಂದರಿನ ಮನೆಯೊಂದರ ಮಾಡಿನ ಮೇಲೆ ಒಂದು ಸಾಲು ಬಿಳಿ ಹಕ್ಕಿ ಕೂತಿವೆ ಎಂದೆ.

"ಯಾವ ಕಡೆ ಮುಖ ಮಾಡಿದಾವೆ?"

"ಎಲ್ಲ ಬಲಗಡೆಗೆ."

"ಹಕ್ಕಿ ಗಾಳಿಗೆ ಎದುರು ಕೂರ್ತದೆ ಕಣೇ. ಇಲ್ದಿದ್ರೆ ರೆಕ್ಕೆ ಕೆದರ್ತದೆ. ಗಾಳಿ ಬಲದಿಂದ ಎಡಕ್ಕೆ ಬೀಸ್ತಾ ಇದೆ. ಬಲಗಡೆ ತುದಿಗೆ ಹೋಗಿ ಕೊಡೆ ಬಿಚ್ಚು."

ಬಿಚ್ಚಿದೆ. ತಿಮ್ಮಣ್ಣನ ಕಾಲು ನೆಲ ಬಿಟ್ಟಿತು. ಕೋಟಿನ ಅಂಚು ಪಟಪಟಿಸುತ್ತ ಅವನು ಗೋಡೆಯ ಮೇಲಿಂದ ತೇಲಿ ಆಚೆ ಇಳಿದ. ನಾನು ಕಿರುಚಿದೆ. ಅವಳೂ ಕಿರುಚಿದಳು. ಅಂಗಡಿಯಿಂದ ಅವಳ ಅಣ್ಣ ಓಡಿಬಂದು, "ಎಂತ ಆಯ್ತು?" ಎಂದರು. "ಗೋಡೆ ಹಾರಿದ್ವಿ," ಎಂದಳು ನಾಗವೇಣಿ.

ಊಟ ಮುಗಿದು ಎಲೆಯಡಿಕೆ ಮೆಲ್ಲುವಾಗ ಕೇಳಿದೆ: "ಫೋನ್ ಯಾಕೆ ಎತ್ತಲಿಲ್ಲ ಇಷ್ಟು ವರ್ಷ?"

ಅವಳು ಸುಣ್ಣದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಕಣ್ಣು ಹೋಗ್ತಾ ಇರುವಾಗ ಎಲ್ರೂ ಒಂದೇ ಕೇಳದು. ಈಗೆಷ್ಟು ಕಾಣ್ತದೆ, ಈಗೆಷ್ಟು ಕಾಣ್ತದೆ ಅಂತ. ದಿನಾ ಲೆಕ್ಕ ಒಪ್ಪಿಸ್ದಂಗೆ. ಪೂರ್ತಿ ಹೋದ್ಮೇಲೆ ಯಾರೂ ಕೇಳಲ್ಲ ನೋಡು, ಆರಾಮಾಯ್ತು. ಆಗ ನಿಂಗೆ ಮಾಡಣ ಅಂದ್ರೆ ವರ್ಷ ಬಾಳ ಆಗಿತ್ತು. ಎಂತ ಹೇಳಿ ಶುರು ಮಾಡದು?" ಇನ್ನೊಂದು ಎಲೆಯ ತೊಟ್ಟು ಮುರಿಯುತ್ತ, "ನೀನು ಹೇಳ್ತಿದ್ಯಲ್ಲ, ಆ ನೀರಿನ ಬಣ್ಣ. ಬಣ್ಣ ಅಂತ ಒಂದು ಕಂಡು ಬಾಳ ದಿನ ಆಗಿತ್ತು" ಎಂದಳು.

ಬೇಗ ಮುಗಿಸೋಣ, ಬೇಕಾದರೆ ಫೋನಿನಲ್ಲೇ ದಿನಾ ಆಡೋಣ ಎಂದು ನಾನು ಹೇಳಿದಾಗ ತಲೆಯಾಡಿಸಿದಳು. "ಬೇಡ. ತಿಂಗ್ಳಿಗೊಂದ್ಸಲ ಬಾ. ತಿಮ್ಮಣ್ಣಂಗೇನು ಅವಸರ? ಅವ್ನ ಅಣ್ಣ ಸಿಕ್ಕಿದ ಅಂದ್ರೆ ಕತೆ ಮುಗೀತು. ಆಮೇಲೆ ನಾವೆಂತ ಮಾಡದು?" ಬಸ್‌ಸ್ಟ್ಯಾಂಡಿನವರೆಗೂ ನನ್ನ ತೋಳು ಹಿಡಿದು ಬಂದಳು. ಬಸ್ಸು ಹೊರಟ ಮೇಲೆ ನಾನು ಕೈಬೀಸಿದೆ. ಬೀಸಿದ ಮೇಲೆ ನೆನಪಾಯಿತು. ಅವಳು ಬಸ್ಸಿನ ಸದ್ದಿನ ಕಡೆಗೆ ಮುಖವೆತ್ತಿಕೊಂಡು ತಿರುವಿನವರೆಗೂ ನಿಂತೇ ಇದ್ದಳು.

ಈಗ ರಜೆ ಮುಗಿದಿದೆ. ಸಂಜೆ ಬಾಗಿಲು ತೆರೆದರೆ ಮನೆ ಹಾಗೆಯೇ ಇದೆ. ಒಂದೇ ತಟ್ಟೆ, ಒಂದೇ ಲೋಟ. ತಿಂಗಳಿಗೊಂದು ಭಾನುವಾರದಿಂದ ಉಳಿದ ದಿನಗಳೆಲ್ಲ ತುಂಬಿಬಿಡುತ್ತವೆಂದು ನಿಮಗೆ ಸುಳ್ಳು ಹೇಳಲಾರೆ. ಲ್ಯಾಪ್‌ಟಾಪು ಮುಚ್ಚಿಯೇ ಇದೆ, ಅವಳಿಲ್ಲದೆ ಗೋಡೆಯಾಚೆ ಒಂದು ಹೆಜ್ಜೆಯನ್ನೂ ಇಡಿಸಿಲ್ಲ. ಆದರೆ ನಿನ್ನೆ ಕಿಟಕಿಯ ಬಳಿ ಚಹಾ ಹಿಡಿದು ನಿಂತಿದ್ದಾಗ, ನನ್ನ ಬೀದಿಯ ಬಗ್ಗೆ ಅವಳು ಮುಂದಿನ ಸಲ ಕೇಳಿದರೆ ಏನು ಹೇಳಲಿ ಎಂಬ ಯೋಚನೆ ಬಂತು. ಎದುರು ಮನೆಯ ಬಾಗಿಲು ಹಸಿರು ಎಂದುಕೊಂಡೆ. ಯಾವ ಹಸಿರು? ಇಷ್ಟು ವರ್ಷ ಅದರೆದುರು ವಾಸವಾಗಿದ್ದರೂ ನನಗೆ ಗೊತ್ತಿರಲಿಲ್ಲ. ಚಹಾ ಆರುವವರೆಗೆ ನೋಡಿದೆ.

"ಕೆರೆಯ ನೀರು ಇಳಿದಾಗ ಕಲ್ಲಿನ ಮೇಲೆ ಉಳಿಯುವ ಪಾಚಿ, ಅರ್ಧ ಒಣಗಿದ್ದು," ಎಂದೆ, ಗಟ್ಟಿಯಾಗಿಯೇ. ಆ ದನಿ ನನ್ನದೇ ಆಗಿತ್ತು.