ಹತ್ತನೆಯವರು

ಟಕ್.

ಎರಡು ಬೆರಳು ತಗಡಿನ ಸಣ್ಣ ಕೊಳವೆಗೆ ತಾಗಿದಾಗ ಆಗುವ ಸಪ್ಪಳ ಅದು. ಅದರ ಬೆನ್ನಿಗೇ ಬೆರಳನ್ನು ತುಟಿಗೆ ಒತ್ತಿಕೊಳ್ಳುವ ಇನ್ನೂ ಸಣ್ಣದೊಂದು ಸಪ್ಪಳ. ಇದು ಕೇಳಿಸಬೇಕಾದರೆ ನೀವು ಗೋಡೆಗೆ ಗೋಡೆ ಹಚ್ಚಿದ ರೈಲ್ವೆ ಕ್ವಾರ್ಟರ್ಸಿನಲ್ಲಿರಬೇಕು, ಹೋಮ್‌ವರ್ಕಿನಲ್ಲಿ ಮನಸ್ಸಿಲ್ಲದ ಹುಡುಗಿಯಾಗಿರಬೇಕು. ನಾನು ಎರಡೂ ಆಗಿದ್ದೆ.

ಈ ವಾರ ಧಾರವಾಡದ ನಮ್ಮ ಮನೆಯ ಮುಂಬಾಗಿಲಿಗೆ ಪಾಲಿಶ್ ಮಾಡಲು ಬಡಿಗ ಬಂದಿದ್ದಾನೆ. ಗೆದ್ದಲು ಹತ್ತಿದೆಯೋ ಎಂದು ಉಳಿಯ ಹಿಡಿಯಿಂದ ಚೌಕಟ್ಟನ್ನು ತಟ್ಟಿ ನೋಡುತ್ತಿದ್ದ. ಒಳಗೆ ಏಲಕ್ಕಿ ಕುಟ್ಟುತ್ತಿದ್ದ ನಾನು ಕೈಬಿಟ್ಟು ಎದ್ದು ಬಂದೆ, ಲೇಯಾ ಮಾವಶಿ ಬಂದಳೆಂದು. ಅವಳು ಹೋಗಿ ಮೂವತ್ತು ವರ್ಷದ ಮೇಲಾಯಿತು. ನನಗೂ ಈಗ ಎಪ್ಪತ್ತು ದಾಟಿದೆ. ಮೊಣಕಾಲು ಮರೆತದ್ದನ್ನು ಕಿವಿ ಮರೆತಿಲ್ಲ, ನೋಡಿ.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವಳು ಹುಬ್ಬಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವಳು. ಅವರು ಯಹೂದಿಗಳು. ಕೊಂಕಣದ ಕಡೆಯವರು, ಮನೆಮಾತು ಮರಾಠಿ, ಸೀರೆ-ಬಳೆ ಎಲ್ಲ ನಮ್ಮಂತೆಯೇ. ಬಾಗಿಲ ಬಲಚೌಕಟ್ಟಿಗೆ ಮಾತ್ರ ಆ ತಗಡಿನ ಕೊಳವೆ, ಅದರೊಳಗೆ ದೇವರ ಮಾತು ಬರೆದ ಸುರುಳಿ. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಮುದ್ದಿಡಬೇಕು. ಶನಿವಾರ ಅವರಲ್ಲಿ ಬೆಂಕಿ ಹಚ್ಚಬಾರದ ದಿನ, ಅವಳು ಕಡ್ಡಿ ಗೀರುತ್ತಿರಲಿಲ್ಲ. ಅವಳ ಒಲೆ ಹಚ್ಚುವ ಕೆಲಸ ನನ್ನದು, ಅದಕ್ಕೆ ಸಂಬಳವಾಗಿ ಕೊಬ್ಬರಿ ವಡಿ. ದಿನವೂ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವ ನಮ್ಮವ್ವ ಹೇಳುತ್ತಿದ್ದಳು: ‘ನಮ್ಮ ದೇವರು ಅಂಗೈಯಾಗ, ಅವರ ದೇವರು ಬಾಗಲದಾಗ. ಇಬ್ಬರೂ ಮನಿ ಬಿಟ್ಟು ಹೊರಗ ಹೋಗೂ ಪೈಕಿ ಅಲ್ಲ.’

ಮಾವಶಿಯ ಗಂಡ ಬೆಂಜಮಿನ್ ಕಾಕಾ ರೈಲ್ವೆ ಗಾರ್ಡು. ಅಪ್ಪ ಅದೇ ಇಲಾಖೆಯಲ್ಲಿ ಕ್ಲರ್ಕು. ಸಂಜೆಯಾದರೆ ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ಒಬ್ಬರಿಗೊಬ್ಬರು ಬೈಯುತ್ತ ಇಪ್ಪತ್ತು ವರ್ಷ ಕಳೆದವರು. ಒಂದು ಮಳೆಗಾಲದಲ್ಲಿ ಕಾಕಾ ಹಠಾತ್ತನೆ ತೀರಿಕೊಂಡರು. ಮಣ್ಣೇನೋ ಆಯಿತು. ಆದರೆ ಅವರಲ್ಲಿ ಸತ್ತವರಿಗಾಗಿ ಹೇಳುವ ಒಂದು ಪ್ರಾರ್ಥನೆಯಿದೆ, ಕದ್ದೀಶ್ ಎಂದು. ಅದನ್ನು ಹೇಳಲು ಅವರ ಧರ್ಮದ ಹತ್ತು ಜನ ಗಂಡಸರು ಕೂಡಿ ನಿಲ್ಲಬೇಕು. ಒಬ್ಬ ಕಡಿಮೆಯಾದರೂ ಹೇಳುವಂತಿಲ್ಲ. ಹುಬ್ಬಳ್ಳಿಯಲ್ಲಿ ಆಗ ಉಳಿದಿದ್ದವರು ನಾಲ್ವರು. ಮಾವಶಿಗೆ ಮಕ್ಕಳಿಲ್ಲ. ಆ ಮಾತು ಹೇಳದೆ ಉಳಿಯಿತು.

‘ನಿಮ್ಮ ಕಾಕಾನ್ನ ಗಾಡಿಗೆ ಹತ್ತಿಸೇನಿ, ಹಸಿರು ನಿಶಾನಿ ತೋರಿಸಿಲ್ಲ,’ ಎಂದು ಒಮ್ಮೆ ಒಲೆಯ ಮುಂದೆ ಕೂತು ನನಗೆ ಹೇಳಿದ್ದಳು. ಗಾರ್ಡಿನ ಹೆಂಡತಿಯಲ್ಲವೇ.

ವರ್ಷ ತುಂಬುವ ಹೊತ್ತಿಗೆ ಅವಳೇ ಒಂದು ದಾರಿ ಹುಡುಕಿದಳು. ಕೊಂಕಣದ ಹಳ್ಳಿಯೊಂದರಲ್ಲಿ ಅವರ ಪ್ರವಾದಿ ಎಲಿಯಾಹುವಿನ ಬಂಡೆಯಿದೆ. ಆತ ಅಲ್ಲಿಂದಲೇ ಬೆಂಕಿಯ ರಥ ಏರಿ ಮುಗಿಲಿಗೆ ಹೋದನೆಂದೂ ಕುದುರೆಯ ಗೊರಸು, ರಥದ ಗಾಲಿ ಕಲ್ಲಿನಲ್ಲಿ ಮೂಡಿವೆಯೆಂದೂ ಅವರ ನಂಬಿಕೆ. ಹರಕೆ ಹೊತ್ತವರು ಮುಂಬೈ, ಪುಣೆ ಕಡೆಯಿಂದ ಅಲ್ಲಿಗೆ ಬರುತ್ತಾರೆ. ‘ಅಲ್ಲಿ ಹತ್ತು ಮಂದಿ ಸಿಗತಾರ,’ ಎಂದಳು. ಜೊತೆಗೆ ಅಪ್ಪ ಹೊರಟರು. ಮರಾಠಿ, ಇಂಗ್ಲಿಷ್ ಎರಡೂ ಬಲ್ಲವಳೆಂದು ನಾನೇ ನನ್ನನ್ನು ಸೇರಿಸಿಕೊಂಡೆ. ಹದಿಮೂರು ವರ್ಷ ನನಗೆ, ಕಾನ್ವೆಂಟು, ಮ್ಯಾಥ್ಸಿನಲ್ಲಿ ಕ್ಲಾಸಿಗೇ ಫಸ್ಟ್. ಆ ವಯಸ್ಸಿನ ನನ್ನನ್ನು ಈಗ ಯಾರಾದರೂ ತಂದು ಮುಂದೆ ನಿಲ್ಲಿಸಿದರೆ ಕಿವಿ ಹಿಂಡಿಯೇನು.

ಪುಣೆಯವರೆಗೆ ರೈಲು. ಅಲ್ಲಿಂದ ಎಸ್.ಟಿ. ಬಸ್ಸಿನಲ್ಲಿ ಘಟ್ಟ ಇಳಿಯುವಾಗ ನಾನು ಮೂರು ಸಲ ಕಾರಿಕೊಂಡೆ. ಮಾವಶಿ ಒಂದು ಕೈಯಿಂದ ನನ್ನ ಹಣೆ ಹಿಡಿದಿದ್ದಳು, ಇನ್ನೊಂದು ಕೈಯಿಂದ ಹಿತ್ತಾಳೆಯ ತಾಟು. ಆಮೇಲೆ ಗದ್ದೆಯ ಬದುವಿನ ಮೇಲೆ ನಡಿಗೆ. ಬಂಡೆ ನೋಡಿ ನನಗೆ ನಿರಾಸೆಯಾಯಿತು, ಖರೆ ಹೇಳುತ್ತೇನೆ. ಕಾನ್ವೆಂಟಿನ ಚಾಪೆಲ್ಲಿನ ಬಣ್ಣದ ಗಾಜು ನೋಡಿದ ಕಣ್ಣು ನನ್ನದು. ಇಲ್ಲಿ ಕರಿಕಲ್ಲು, ಅದರ ಮೈಮೇಲೆ ಒಂದು ಗೀಟು, ಸುತ್ತ ಕರಗಿದ ಮೇಣ. ಮಾವಶಿ ಮಾತ್ರ ಚಪ್ಪಲಿ ಬಿಟ್ಟು ಬಂಡೆಗೆ ಕೆನ್ನೆ ಹಚ್ಚಿ ನಿಂತಳು, ಬಹಳ ಹೊತ್ತು.

ಬಿಳಿ ಬಟ್ಟೆ ಹಾಸಿ ತಾಟಿನಲ್ಲಿ ಹರಕೆಯ ಮಲಿದಾ ಮಾಡಿದಳು. ನೆನೆಸಿದ ಅವಲಕ್ಕಿ, ಹಸಿಕೊಬ್ಬರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣು, ನಡುವೆ ಒಂದು ಗುಲಾಬಿ. ಅಷ್ಟರಲ್ಲಿ ಎರಡು ಕುಟುಂಬಗಳು ಬಂದವು. ಊರಿನಲ್ಲಿ ಎಣ್ಣೆ ಗಾಣ ನಡೆಸುವ ಯಹೂದಿಗಳೂ ಬಂದರು. ಗಂಡಸರೆಲ್ಲ ಬಂಡೆಗೆ ಮುಖಮಾಡಿ ನಿಂತರು. ನಮ್ಮ ಕಡೆಗೆ ಕಾಣುತ್ತಿದ್ದದ್ದು ಬೆನ್ನುಗಳು, ಬಿಳಿ ಟೊಪ್ಪಿಗೆಗಳು.

ನಾನು ಬೆರಳು ಚಾಚಿ ಜೋರಾಗಿ ಎಣಿಸಿದೆ. ಒನ್, ಟೂ, ಥ್ರೀ... ‘ಟೆನ್! ಮಾವಶಿ, ಟೆನ್ ಆದ್ರು!’

ಮಾವಶಿಯ ಮುಖದ ಮೇಲೆ ಆಗ ಬಂದ ಬೆಳಕನ್ನು ನಾನು ಬರೆಯಲಾರೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮರುಕ್ಷಣವೇ ನನ್ನ ಚಾಚಿದ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಹಿಡಿದಳು. ‘ಮಂದೀನ್ನ ಹಂಗ ಎಣಸಬಾರದು, ಬಾಳಾ. ಕುರಿ ಏನು ಅವರು?’

ಅವರಲ್ಲಿ ಮನುಷ್ಯರನ್ನು ಅಂಕಿಯಿಂದ ಎಣಿಸುವುದಿಲ್ಲ. ಹತ್ತು ಪದಗಳ ಒಂದು ದೇವರ ವಾಕ್ಯವಿದೆ. ಒಬ್ಬೊಬ್ಬರಿಗೆ ಒಂದೊಂದು ಪದ. ಹಿರಿಯರೊಬ್ಬರು ಮೊದಲ ಪದ ತಮಗೇ ಹೇಳಿಕೊಂಡು, ಸಾಲಿನ ಹಿಂದೆ ನಡೆಯುತ್ತ ಒಂದೊಂದು ಹೆಗಲ ಬಳಿಗೆ ಒಂದೊಂದು ಪದ ಹೇಳುತ್ತ ಬಂದರು. ಕೊನೆಯ ಹೆಗಲಿನವರು ತಿರುಗಿ ನೋಡಿದರು. ಹತ್ತನೆಯ ಪದ ಹಿರಿಯರ ಬಾಯಲ್ಲೇ ಉಳಿಯಿತು.

ಅವರು ನನ್ನ ಅಪ್ಪ. ದೇವರ ಮುಂದೆ ಬರಿದಲೆ ಬೇಡವೆಂದು ಯಾರೋ ಅವರಿಗೂ ಟೊಪ್ಪಿಗೆ ಕೊಟ್ಟಿದ್ದರು. ಕ್ಲಾಸಿಗೇ ಫಸ್ಟ್ ಬಂದ ನಾನು ನನ್ನ ಅಪ್ಪನನ್ನೇ ಎಣಿಸಿದ್ದೆ.

‘ತಪ್ಪಾತ್ರಿ,’ ಎಂದು ಅಪ್ಪ ಟೊಪ್ಪಿಗೆ ತೆಗೆಯಲು ಹೋದರು. ಹಿರಿಯರು ಅವರ ಕೈ ಹಿಡಿದು, ಇರಲಿ, ಹಾಕಿಕೊಂಡೇ ಇರಿ ಎಂದರು. ಮಾವಶಿಯ ಕಡೆ ತಿರುಗಿ, ಈ ನಿಯಮ ನಾನು ಮಾಡಿದ್ದಲ್ಲ ತಂಗಿ, ಮುಂದಿನ ಬಸ್ಸಿನ ತನಕ ಕಾಯೋಣ ಎಂದರು ಮರಾಠಿಯಲ್ಲಿ. ಕಾದೆವು. ಬಸ್ಸಿನಿಂದ ಇಬ್ಬರು ಹೆಂಗಸರು, ಒಂದು ಕೂಸು ಇಳಿದರು. ಹೆಂಗಸರು ಆ ಎಣಿಕೆಗೆ ಸೇರುವುದಿಲ್ಲ. ಮಾವಶಿಯೂ ಸೇರುವುದಿಲ್ಲ. ಅದು ಆವತ್ತೇ ನನಗೆ ಗೊತ್ತಾದದ್ದು.

ಮಲಿದಾದ ಪ್ರಾರ್ಥನೆ ಆಯಿತು, ಹಾಡಾಯಿತು. ಕದ್ದೀಶ್ ಆಗಲಿಲ್ಲ. ನಾನು ಸುಳ್ಳೇ ಟೆನ್ ಎನ್ನದಿದ್ದರೆ ಅವಳ ಮುಖದ ಮೇಲೆ ಆ ಬೆಳಕು ಬಂದು ಹೀಗೆ ಆರುತ್ತಿರಲಿಲ್ಲ.

ಮರಳಿ ಬರುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ನೋಡುತ್ತಲೇ ಮಾವಶಿಗೆ ಹೇಳಿದರು: ‘ಇಪ್ಪತ್ತು ವರ್ಷದ ದೋಸ್ತ, ವೈನಿ. ಅವನ ಸಲುವಾಗಿ ಹೋಗಿ ನಿಂತ್ರೂ ನಾ ಉಪಯೋಗಕ್ಕ ಬರಲಿಲ್ಲ.’

‘ಸುಮ್ಮನಿರ್ರಿ. ಅವಲಕ್ಕಿ ಹಳಸತಾವ, ತಿನ್ರಿ,’ ಎಂದಳು ಮಾವಶಿ. ನನಗೂ ಒಂದು ತುತ್ತು ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಅಂದಿನಿಂದ ಊಟದ ಪಂಕ್ತಿಯಲ್ಲಿ ಕೂಡ ನಾನು ಜನರನ್ನು ಬೆರಳು ಮಾಡಿ ಎಣಿಸಿದ್ದಿಲ್ಲ. ಎಲೆ ಎಣಿಸುತ್ತೇನೆ.

ಅಪ್ಪ ರಿಟೈರ್ ಆಗಿ ಧಾರವಾಡದಲ್ಲಿ ಈ ಮನೆ ಕಟ್ಟಿದರು. ಮಾವಶಿ ಹುಬ್ಬಳ್ಳಿಯಲ್ಲೇ ಉಳಿದಳು. ಅಪ್ಪ ತೀರಿಕೊಂಡ ಮೂರನೆಯ ದಿನ ಒಬ್ಬಳೇ ಬಸ್ಸು ಹತ್ತಿ ಬಂದಳು. ಬೆನ್ನು ಬಾಗಿ ನನ್ನ ಭುಜದಷ್ಟಾಗಿದ್ದಳು. ಬಂದವಳೇ ಕೇಳಿದಳು: ‘ನಿಮ್ಮಪ್ಪನ್ನ ಮಣ್ಣಾಗ ಕುಂದರಿಸೀರೋ, ಮಲಗಿಸೀರೋ?’

‘ನಮ್ಮಲ್ಲಿ ಕುಂದರಸ್ತಾರ, ಮಾವಶಿ.’

‘ಛಲೋ ಆತು. ನಮ್ಮಾಂವ ಮಲಗ್ಯಾನ, ಇವರು ಬಾಜೂಕ ಕುಂತ ಬೈಯಲಿ.’ ನಕ್ಕಳು. ನಾನು ಮೂರು ದಿನದಲ್ಲಿ ಮೊದಲ ಸಲ ಅತ್ತೆ.

ಆಮೇಲೆ ನನ್ನ ಕೈ ಹಿಡಿದು ಕೇಳಿದಳು: ‘ಬಂಡೆ ಮುಂದ ಅವತ್ತು ಎಷ್ಟು ಎಣಿಸಿದ್ದಿ?’

‘ಬ್ಯಾಡ, ಮಾವಶಿ.’

‘ಹೇಳು. ಇಂಗ್ಲಿಷಿನಾಗ ಹೇಳಿದ್ಯಲ್ಲ, ಹಂಗ ಹೇಳು.’

‘ಟೆನ್.’

‘ಹಾಂ. ಬರೋಬ್ಬರಿ ಎಣಿಸಿದ್ದಿ. ನಾವು ತಪ್ಪಿದ್ವಿ.’

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪಡಸಾಲೆಯಲ್ಲಿ ಅವರ ಪವಿತ್ರ ನಗರದ ದಿಕ್ಕಿಗೆ, ಪಡುವಣಕ್ಕೆ, ಮುಖಮಾಡಿ ನಿಂತಳು. ಅವಳಿಗೆ ಹೇಳುವ ಹಕ್ಕಿಲ್ಲದ ಆ ಪ್ರಾರ್ಥನೆಯನ್ನು ತಡೆಯದೆ, ತಪ್ಪದೆ, ಕೊನೆಯವರೆಗೆ ಹೇಳಿದಳು. ಎಷ್ಟು ವರ್ಷದಿಂದ ಬಾಯಿಪಾಠ ಮಾಡಿಟ್ಟಿದ್ದಳೋ. ಮುಗಿದ ಮೇಲೆ ಎರಡು ಹೆಸರು ತೆಗೆದುಕೊಂಡಳು, ಕಾಕಾನದು, ಅಪ್ಪನದು. ‘ನಿಯಮಕ್ಕ ಕೂಡೂದಿಲ್ಲ ಇದು. ಮ್ಯಾಲೆ ಹೋದಾಗ ಬೈಸ್ಕೋತೇನಿ,’ ಎಂದಳು.

‘ಬಾಯಾರ, ಇದನ್ನೂ ಉಜ್ಜಲೇನ್ರಿ?’ ಇಂದು ಬಡಿಗ ಬಲಚೌಕಟ್ಟು ತೋರಿಸಿ ಕೇಳಿದ.

‘ನನ್ನ ಭುಜದ ಎತ್ತರಕ್ಕ ಒಂದು ಗೇಣು ಬಿಡಪಾ,’ ಎಂದೆ. ಅಲ್ಲಿ ಏನೂ ಇಲ್ಲವೆಂದು ಅವನು ಸವರಿ ನೋಡಿದ. ಇಲ್ಲ, ನಿಜ.

ಅವತ್ತು ಮಾವಶಿ ಹೊರಡುವಾಗ ಬಸ್ ಸ್ಟ್ಯಾಂಡಿನ ತನಕ ಬರುತ್ತೇನೆಂದೆ. ಸಾವಾದ ಮನೆ ಬಿಟ್ಟು ಬರಬೇಡ ಎಂದಳು. ಹೊಸ್ತಿಲ ಬಳಿ ನಿಂತು, ರೂಢಿಯಂತೆ ಬಲಗೈ ಎತ್ತಿದಳು. ನಮ್ಮ ಚೌಕಟ್ಟಿಗೆ ಕೊಳವೆಯಿಲ್ಲ, ಸುರುಳಿಯಿಲ್ಲ. ಅದು ಅವಳಿಗೆ ನೆನಪಿತ್ತೋ ಇಲ್ಲವೋ. ಎರಡು ಬೆರಳನ್ನು ಬರಿಯ ಕಟ್ಟಿಗೆಗೆ ತಾಗಿಸಿದಳು, ಟಕ್. ತುಟಿಗೊತ್ತಿಕೊಂಡು ಮೆಟ್ಟಿಲಿಳಿದು ಹೋದಳು.