ಕಂಡದ್ದನ್ನಷ್ಟೇ ಬರೆಯುವ ದೊಬ್ರಿನಾ

ಬೆಳಿಗ್ಗೆ ಐದೂಕಾಲು. ಡಿಪೋದಿಂದ ಹೊರಟ ಮೊದಲ ಟ್ರಾಲಿ ಬಸ್ಸು, ಮೇಲಿನ ವಿದ್ಯುತ್ ತಂತಿ ಹಿಡಿದು ಓಡುವಂಥದ್ದು. ಚಾಲಕಿಯ ಹಿಂದಿನ ಸೀಟಿನಲ್ಲಿ ದೊಬ್ರಿನಾ ಕೂತಿದ್ದಾರೆ. ಒಂದು ಕೈಯಲ್ಲಿ ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾ, ಇನ್ನೊಂದರಲ್ಲಿ ಪೆನ್ಸಿಲ್ಲು, ಮಡಿಲಲ್ಲಿ ನೋಟ್‌ಬುಕ್ಕು. ಅರವತ್ತೊಂದರ ಈ ಹೆಂಗಸಿಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಮುಂದೆ ಕೂತಿರುವ ಚಾಲಕಿ ಪಾವ್ಲೀನಾ ಹೇಗೆ ಕೆಲಸ ಮಾಡುತ್ತಾಳೆಂದು ನೋಡಬೇಕು, ಅಷ್ಟೇ. ಇವತ್ತು ಗುರುವಾರ, ನೋಡುತ್ತಿರುವುದು ಮೂರನೆಯ ದಿನ.

ದೊಬ್ರಿನಾ ಡಿಪೋ ಕಚೇರಿಯ ಗುಮಾಸ್ತೆ. ಡಾನ್ಯೂಬ್ ನದಿ ದಂಡೆಯ ಈ ಊರಿನಲ್ಲಿ ಕೋರ್ಟಿಗೆ ಹೋಗಲಿ, ಬೇರೆ ನೌಕರಿಗೆ ಹೋಗಲಿ, ಕೆಲಸದ ಜಾಗದಿಂದ ಒಂದು ನಡತೆ ಪತ್ರ ಕೇಳಿಯೇ ಕೇಳುತ್ತಾರೆ. ಇನ್ನೂರ ಹನ್ನೆರಡು ನೌಕರರು, ವರ್ಷಕ್ಕೆ ಅರವತ್ತು ಎಪ್ಪತ್ತು ಪತ್ರ. ಮೂವತ್ನಾಲ್ಕು ವರ್ಷದಿಂದ ಅಷ್ಟನ್ನೂ ಬರೆದವರು ಇವರೊಬ್ಬರೇ. ಸಹಿ ನಿರ್ದೇಶಕರದ್ದು, ಹಾಗಾಗಿ ಹೆಸರೂ ಅವರದ್ದೇ.

"ಸುಳ್ಳು ಯಾಕೆ ಹೇಳ್ಲಿ, ಎಲ್ರಿಗೂ ಒಂದೇ ಸಾಲು ಬರೀತಿದ್ದೆ" ಎನ್ನುತ್ತಾರೆ. "ಗಂಭೀರ ಸ್ವಭಾವ, ಶಿಸ್ತು, ಕರ್ತವ್ಯನಿಷ್ಠೆ. ಕುಡುಕನಿಗೂ ಅದೇ, ದೇವರಂಥವನಿಗೂ ಅದೇ. ನನಗಿಂತ ಮುಂಚೆ ಇದ್ದೋರೂ ಹಾಗೇ ಬರೀತಿದ್ರು. ಯಾರೂ ಓದಲ್ಲ ಅಂದ್ಕೊಂಡಿದ್ದೆ."

ಓದಿದವರು ಈ ಸಲ ಸಿಕ್ಕರು. ಪಾವ್ಲೀನಾಳ ಎದುರುಮನೆಯ ಹೆಂಗಸು ಮಾರ್ಚಿನಲ್ಲಿ ತೀರಿಹೋದಳು. ಅವಳ ಏಳು ವರ್ಷದ ಮಗು ಬಿಲ್ಯಾನಾಗೆ ಹಿಂದೆ ಮುಂದೆ ಯಾರೂ ಇಲ್ಲ. ಅಂದಿನಿಂದ ಮಗು ಪಾವ್ಲೀನಾಳ ಮನೆಯಲ್ಲೇ ಉಣ್ಣುತ್ತಿದೆ, ಮಲಗುತ್ತಿದೆ. ಸಾಕಿಕೊಳ್ಳಲು ಅನುಮತಿ ಕೇಳಿ ಅರ್ಜಿ ಹಾಕಿದರೆ ಮಕ್ಕಳ ಕಚೇರಿಯ ಅಧಿಕಾರಿಣಿ ನಡತೆ ಪತ್ರವನ್ನು ವಾಪಸ್ ಕಳಿಸಿದರು. 'ಗಂಭೀರ ಸ್ವಭಾವ'ದ ಕೆಳಗೆ ಕೆಂಪು ಗೀಟು, ಪಕ್ಕದಲ್ಲಿ ಷರಾ: "ಸಂದರ್ಶನದಲ್ಲೂ ಒಮ್ಮೆಯೂ ನಗಲಿಲ್ಲ. ಮಮತೆಯ ಲಕ್ಷಣ ಕಾಣುತ್ತಿಲ್ಲ." ಶುಕ್ರವಾರದೊಳಗೆ ಬೇರೆ ಪತ್ರ ಬರದಿದ್ದರೆ ಮಗು ಬೇರೆ ಊರಿನ ಸರ್ಕಾರಿ ಆಶ್ರಮಕ್ಕೆ.

"ಆ ಷರಾ ಎರಡೆರಡು ಸಲ ಓದ್ದೆ ಕಣ್ರೀ. ನಾನು ಕಣ್ಮುಚ್ಚಿ ಗೀಚಿದ ಸಾಲು, ಮಗೂನ ಎತ್ತಿ ಹೊರಗೆ ಹಾಕ್ತಿದೆಯಲ್ಲ! ಕೆಡಿಸಿದೋಳು ನಾನು, ನಾನೇ ಸರಿ ಮಾಡ್ಬೇಕು."

ನೋಟ್‌ಬುಕ್ಕಿನಲ್ಲಿ ಬರೆದು ಹೊಡೆದುಹಾಕಿದ ಪದಗಳೇ ಒಂದು ಪುಟ. ಯಾಕೆ ಎಂದು ನಾವು ಕೇಳಿದರೆ ರೇಗುತ್ತಾರೆ. "ಕಟ್ಟುನಿಟ್ಟು ಅಂದ್ರೆ ಜೈಲರ್ ನೆನಪಾಗ್ತಾನೆ. ಅಚ್ಚುಕಟ್ಟು ಅಂದ್ರೆ ಬಟ್ಟೆ ಬೀರು. ಮಿತಭಾಷಿ ಅಂತೆ! ಗೋಡೆನೂ ಮಿತಭಾಷಿನೇ. ಇವಳು ಗೋಡೆ ಅಲ್ವಲ್ಲ?"

ಸಂತೆಕಟ್ಟೆಯ ತಿರುವಿನಲ್ಲಿ ಬಸ್ಸಿನ ನೆತ್ತಿಯ ಕೋಲುಗಳು ವಿದ್ಯುತ್ ತಂತಿಯಿಂದ ಜಾರುತ್ತವೆ. ಬಸ್ಸು ಗಕ್ಕನೆ ನಿಲ್ಲುತ್ತದೆ. ಟೋಪಿಯವನೊಬ್ಬ ಹಿಂದಿನಿಂದ ಕೂಗುತ್ತಾನೆ: "ಏನಮ್ಮಾ, ನಿದ್ದೆ ಹೊಡೀತಿದ್ಯಾ? ನನ್ನ ಪಾಳಿ ತಪ್ಪಿದ್ರೆ ನೀನು ಬಂದು ಕೆಲಸ ಮಾಡ್ತೀಯಾ?"

ಪಾವ್ಲೀನಾ ತಿರುಗಿಯೂ ನೋಡುವುದಿಲ್ಲ. ಕೈಗವಸು ಹಾಕಿಕೊಂಡು ಇಳಿಯುತ್ತಾಳೆ, ಹಗ್ಗ ಎಳೆದು ಕೋಲುಗಳನ್ನು ಒಂದೊಂದಾಗಿ ತಂತಿಗೆ ಕೂರಿಸುತ್ತಾಳೆ. ಮತ್ತೆ ಹತ್ತಿದವಳು ಬಸ್ಸು ಬಿಡುವುದಿಲ್ಲ. ಕಂಬಿ ಹಿಡಿದು ನಿಂತ ಮುದುಕಿಯ ಹತ್ತಿರ ಹೋಗುತ್ತಾಳೆ.

"ಅಜ್ಜಿ, ಇಲ್ಲಿ ಕೂತ್ಕೊಳ್ಳಿ."

"ಇನ್ನೂ ಏನು ಕಾಯೋದು?" ಟೋಪಿಯವನು ಗದರುತ್ತಾನೆ.

"ಅಜ್ಜಿ ಕೂತ್ಕೊಳ್ಳೋದು."

ಅಜ್ಜಿ ಕೂತ ಮೇಲೆ ಬಸ್ಸು ಹೊರಡುತ್ತದೆ. ದೊಬ್ರಿನಾ ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ: ನಿಂತದ್ದು 5.41, ಹೊರಟದ್ದು 5.45. ಅದರಲ್ಲಿ ಒಂದು ನಿಮಿಷ ಅಜ್ಜಿಗೆ.

ಮಧ್ಯಾಹ್ನ ದೊಬ್ರಿನಾ ನಿರ್ದೇಶಕ ಕೊಲೆವ್ ಅವರ ಮುಂದೆ ಇಡೀ ಒಂದು ಪುಟ ಇಡುತ್ತಾರೆ. ಮೂರು ಬೆಳಗಿನಲ್ಲಿ ಕಂಡದ್ದೆಲ್ಲ ಗಂಟೆ ನಿಮಿಷದ ಸಮೇತ ಅದರಲ್ಲಿದೆ.

"ಇದೇನು ದೊಬ್ರಿನಾ, ಕತೆ ಬರೆದಿದೀಯಾ? ಹಳೇ ಸಾಲು ಹಾಕ್ಕೊಂಡು ಬಾ, ಸಹಿ ಮಾಡ್ತೀನಿ."

"ಹಳೇದು ವಾಪಸ್ ಬಂದಿದೆ, ಸಾರ್. ಇದಕ್ಕೇ ಹಾಕಿ."

"ಒಳ್ಳೇ ಹೆಂಗಸು ಅಂತ ಎಲ್ಲೂ ಬರೆದೇ ಇಲ್ವಲ್ಲ?"

"ಅದನ್ನ ಓದಿದೋರು ಹೇಳ್ಲಿ. ನಾನು ಕಂಡಿದ್ದು ಬರೆದಿದೀನಿ."

ಕೊಲೆವ್ ಫೋನು ಎತ್ತಿಕೊಳ್ಳುತ್ತಾರೆ, ಚಹಾ ತರಿಸುತ್ತಾರೆ, ಕಿಟಕಿ ನೋಡುತ್ತಾರೆ. ದೊಬ್ರಿನಾ ಮೇಜಿನ ಮುಂದಿನಿಂದ ಅಲ್ಲಾಡುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಸಹಿ ಬೀಳುತ್ತದೆ. ಟಪಾಲಿನ ಮೇಲೆ ಭರವಸೆಯಿಲ್ಲ, ಪತ್ರವನ್ನು ತಾವೇ ಒಯ್ದು ಅಧಿಕಾರಿಣಿಯ ಕೈಗೆ ಕೊಡುತ್ತಾರೆ. ಅವರು ನಿಂತಲ್ಲೇ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟನ್ನೂ ನೀವೇ ಕಣ್ಣಾರೆ ನೋಡಿದ್ರಾ?"

"ನೋಡಿದೀನಿ. ಅವಳ ಬೆನ್ನ ಹಿಂದೇನೇ ಕೂತಿದ್ದೆ."

ಮುಂದಿನ ಮಂಗಳವಾರ ಆದೇಶ ಬರುತ್ತದೆ: ಮಗು ಪಾವ್ಲೀನಾಳ ಬಳಿಯೇ ಇರಬಹುದು. ಬುಧವಾರ ಪಾಳಿ ಮುಗಿಸಿ ಪಾವ್ಲೀನಾ ಕಚೇರಿಯ ಕಿಂಡಿಗೆ ಬರುತ್ತಾಳೆ. ಹೂವಿಲ್ಲ, ಚಾಕೊಲೇಟ್ ಡಬ್ಬಿಯಿಲ್ಲ, ನಗುವೂ ಇಲ್ಲ. ಒಂದು ಅರ್ಜಿ ಒಳಗೆ ತಳ್ಳುತ್ತಾಳೆ. "ದೊಬ್ರಿನಕ್ಕಾ, ಸೋಮವಾರದಿಂದ ಬೆಳಗಿನ ಪಾಳಿ ಬೇಡ" ಎಂದು ಹೇಳಿ ಹೊರಟುಹೋಗುತ್ತಾಳೆ.

ದೊಬ್ರಿನಾ ಅರ್ಜಿಯನ್ನು ನಮ್ಮ ಕಡೆ ತಿರುಗಿಸಿ ಕಾರಣದ ಜಾಗದ ಮೇಲೆ ಬೆರಳಿಡುತ್ತಾರೆ. 'ಮಗಳನ್ನು ಶಾಲೆಗೆ ಬಿಡಬೇಕು' ಎಂದಿದೆ.

"ಎದುರುಮನೆ ಹುಡುಗಿ ಅಂತ ಬರೆದಿಲ್ಲ ನೋಡಿ, ಮಗಳು ಅಂತ್ಲೇ ಬರೆದಿದಾಳೆ" ಎನ್ನುತ್ತಾರೆ. "ಆ ಹೆಂಗಸು ಸುಮ್‌ಸುಮ್ನೆ ಒಂದು ಪದಾನೂ ಹಾಕೋಳಲ್ಲ."